ಇನ್ನೊಬ್ಬರ ತಾರೀಕು

ನನ್ನ ಗ್ರೀನ್ ಕಾರ್ಡ್ ಕಡತದ ಪ್ರಯಾರಿಟಿ ಡೇಟ್ 2002ನೇ ಇಸವಿಯದು. ನಾನು ಅಮೆರಿಕಕ್ಕೆ ಬಂದದ್ದು 2004ರಲ್ಲಿ. ಆ ತಾರೀಕಿನ ದಿನ ನಾನು ಬೆಂಗಳೂರಿನ ಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಪಾಸ್‌ಪೋರ್ಟ್‌ನಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಈ ಎರಡು ವರ್ಷದ ಅಂತರ ನನ್ನ ಹೆಂಡತಿಗೆ ಗೊತ್ತು, ಅರ್ಜಿ ತುಂಬಿದ ವಕೀಲರಿಗೆ ಗೊತ್ತಿತ್ತು. ಹಾಸನದ ಮನೆಯವರಿಗೆ, ನ್ಯೂಜೆರ್ಸಿಯ ಗೆಳೆಯರಿಗೆ ನಾನು ಹೇಳಿರಲಿಲ್ಲ. ಮುಚ್ಚಿಡಬೇಕಾದ ಅಪರಾಧವೇನೂ ಅದರಲ್ಲಿರಲಿಲ್ಲ, ಎಲ್ಲವೂ ಆಗಿನ ಕಾನೂನಿನ ಪ್ರಕಾರವೇ ನಡೆದಿತ್ತು. ಆದರೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಇತ್ತೀಚೆಗೆ ಕೂತು ಯೋಚಿಸಬೇಕಾಗಿ ಬಂತು.

ಕಾಯಂ ಕೆಲಸದ ಆಧಾರದ ಮೇಲೆ ಇಲ್ಲಿ ನೆಲೆಸುವ ಹಕ್ಕು ಸಿಗುವ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಹಕ್ಕು ಕೇಳುವುದು ಕೆಲಸಗಾರನಾದರೂ ಬಾಗಿಲು ತಟ್ಟಬೇಕಾದದ್ದು ಕಂಪನಿ. ನಮ್ಮಲ್ಲಿ ಇಂಥದೊಂದು ಕಾಯಂ ಹುದ್ದೆ ಇದೆ, ಈ ಭಾಗದಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ಸಂಬಳಕ್ಕೆ ಕಡಿಮೆಯಿಲ್ಲದಂತೆ ಕೊಡುತ್ತೇವೆ, ಜಾಹೀರಾತು ಹಾಕಿದೆವು, ಅರ್ಹತೆಯೂ ಇಚ್ಛೆಯೂ ಇರುವ ಇಲ್ಲಿಯವರು ಸಿಗಲಿಲ್ಲ ಎಂದು ಅದು ಕಾರ್ಮಿಕ ಇಲಾಖೆಗೆ ಬರೆದುಕೊಡಬೇಕು. ಇಲಾಖೆ ಒಪ್ಪಿದರೆ ಒಂದು ದೃಢೀಕರಣ ಪತ್ರ ಬರುತ್ತದೆ. ನಮ್ಮವರ ಬಾಯಲ್ಲಿ ಅದು ಬರೀ ‘ಲೇಬರ್’. ‘ಲೇಬರ್ ಕ್ಲಿಯರ್ ಆಯ್ತಾ?’ ಎಂಬುದು ಇಲ್ಲಿ ಮದುವೆ ಮನೆಯಲ್ಲೂ ಕೇಳಿಬರುವ ಪ್ರಶ್ನೆ. ಅದರ ಮೇಲೆ ಕಂಪನಿ ಹಾಕುವ ಐ-140 ಅರ್ಜಿ, ಸರತಿ ಬಂದಾಗ ನಾವೇ ಹಾಕುವ ಗ್ರೀನ್ ಕಾರ್ಡ್ ಅರ್ಜಿ ಐ-485. ಸರತಿಯಲ್ಲಿ ನಮ್ಮ ಜಾಗ ಯಾವುದು ಎನ್ನುವುದು ಕಂಪನಿ ಲೇಬರ್ ಅರ್ಜಿ ಹಾಕಿದ ದಿನದಿಂದ ನಿರ್ಧಾರವಾಗುತ್ತದೆ. ಅದೇ ಪ್ರಯಾರಿಟಿ ಡೇಟ್. ವರ್ಷಕ್ಕೆ ಉದ್ಯೋಗದ ಆಧಾರದ ವೀಸಾಗಳು ಸುಮಾರು 1,40,000. ಬೇರೆಯವರು ಬಳಸದೆ ಉಳಿದದ್ದು ಸಿಕ್ಕರೆ ಬೇರೆ ಮಾತು, ಇಲ್ಲದಿದ್ದರೆ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ. 7ಕ್ಕಿಂತ ಹೆಚ್ಚು ಇಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಅಷ್ಟುದ್ದ ಬೆಳೆದದ್ದು ಇದರಿಂದ.

ನಾನು ಸೇರಿದ ಕಂಪನಿಯಲ್ಲಿ ನನಗಿಂತ ಮೊದಲು ಒಬ್ಬರಿದ್ದರು. ಗುಂಟೂರು ಕಡೆಯವರು. ಅವರ ಹೆಸರಿನಲ್ಲಿ 2002ರಲ್ಲಿ ಲೇಬರ್ ಅರ್ಜಿ ಹೋಗಿತ್ತು. ಆ ಕಾಲದ ಅರ್ಜಿಗಳು ರಾಜ್ಯದ ಕಚೇರಿಗಳಲ್ಲೇ ವರ್ಷಗಟ್ಟಲೆ ಬಿದ್ದಿರುತ್ತಿದ್ದವು. ಕೊನೆಗೆ ಮೂರು ಲಕ್ಷಕ್ಕೂ ಹೆಚ್ಚು ಹಳೆಯ ಕಡತಗಳನ್ನು ಫಿಲಡೆಲ್ಫಿಯಾ ಮತ್ತು ಡಲ್ಲಾಸ್‌ನಲ್ಲಿ ತೆರೆದ ಎರಡು ಕೇಂದ್ರಗಳಿಗೆ ಸಾಗಿಸಿದರು. ಅವರ ಕಡತ ಫಿಲಡೆಲ್ಫಿಯಾಕ್ಕೆ ಹೋಯಿತು. ಅಷ್ಟರಲ್ಲಿ ತಂದೆಗೆ ಹುಷಾರಿಲ್ಲವೆಂದು ಅವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. 2006ರಲ್ಲಿ ಲೇಬರ್ ಮಂಜೂರಾಗಿ ಬಂದಾಗ ಅದರ ಮೇಲಿದ್ದ ಹೆಸರಿನವರು ಇರಲಿಲ್ಲ. ಆಗಿನ ನಿಯಮದಂತೆ ಕಂಪನಿ ಆ ಜಾಗಕ್ಕೆ ಇನ್ನೊಬ್ಬ ಕೆಲಸಗಾರನ ಹೆಸರು ಸೇರಿಸಬಹುದಿತ್ತು. ಲೇಬರ್ ಸಬ್‌ಸ್ಟಿಟ್ಯೂಷನ್ ಎನ್ನುತ್ತಿದ್ದರು. ಹೊಸಬನಿಗೆ ಹಳೆಯ ತಾರೀಕೇ ಸಿಗುತ್ತಿತ್ತು. ಆ ತಾರೀಕಿನ ಹೊತ್ತಿಗೆ ಹುದ್ದೆಗೆ ಬೇಕಾದ ಓದು, ಅನುಭವ ಅವನಿಗಿರಬೇಕು, ಅಷ್ಟೇ. ನಾನು ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿದ್ದು 1999ರಲ್ಲಿ. ಲೆಕ್ಕ ಸರಿಹೋಯಿತು.

ವಕೀಲರ ಕಚೇರಿಯಲ್ಲಿ ಆ ಕಾಗದ ನೋಡಿದ್ದು ಇವತ್ತಿಗೂ ಕಣ್ಣಮುಂದಿದೆ. ಇಟಿಎ 750 ಎಂಬ ಫಾರಂ. ಅದರ ಎ ಭಾಗದಲ್ಲಿ ಹುದ್ದೆಯ ವಿವರ, ಬಿ ಭಾಗದಲ್ಲಿ ಮನುಷ್ಯನ ವಿವರ. ನಾನು ಹೊಸ ಬಿ ಭಾಗ ತುಂಬಿ ಸಹಿ ಹಾಕಬೇಕಿತ್ತು. ಕಟ್ಟಿನ ಹಿಂದುಗಡೆ ಹಳೆಯ ಬಿ ಭಾಗವೂ ಇತ್ತು. ಬೇರೆ ಹೆಸರು, ಬೇರೆ ಕಾಲೇಜು, ಬೇರೆ ಸಹಿ. ಅವರು ಮಾಡಿದ ಕೆಲಸಗಳ ಪಟ್ಟಿ ನನ್ನದಕ್ಕಿಂತ ಒಂದು ಕೈ ಮೇಲೇ ಇತ್ತು. ಎ ಭಾಗವನ್ನು ಓದಿದೆ. ನಾನು ದಿನಾ ಮಾಡುತ್ತಿದ್ದ ಕೆಲಸವೇ. ಅವರಿಗಾಗಿ ಟೈಪು ಮಾಡಿದ್ದ ವಾಕ್ಯಗಳು ನನಗೂ ಒಪ್ಪುತ್ತಿದ್ದವು. ಅವರು ಹೋದರು, ನಾನು ಬಂದೆ. ಎ ಭಾಗದಲ್ಲಿ ಒಂದಕ್ಷರ ಬದಲಾಗಲಿಲ್ಲ. ಇಲಾಖೆಯ ಮುದ್ರೆ ಬಿದ್ದಿದ್ದು ಆ ಎ ಭಾಗದ ಮೇಲೆ. ಅಂದರೆ ಈ ಕೆಲಸಕ್ಕೆ ಇಲ್ಲಿ ಬೇರೆ ಯಾರೂ ಸಿಗಲಿಲ್ಲ ಎಂದು ಸರ್ಕಾರ ಒಪ್ಪಿಕೊಂಡಾಗ ಅದು ನನ್ನನ್ನು ನೋಡಿಯೇ ಇರಲಿಲ್ಲ, ನಾನೊಬ್ಬನಿದ್ದೇನೆ ಎಂಬುದೂ ಅದಕ್ಕೆ ಗೊತ್ತಿರಲಿಲ್ಲ. ಅವತ್ತು ಇದೆಲ್ಲ ಹೊಳೆಯಲಿಲ್ಲ. ಖುಷಿಯೊಂದೇ ಇತ್ತು. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದೆ.

2007ರ ಜೂನ್‌ನಲ್ಲಿ ಕಾರ್ಡು ಬಂತು. ಮರುತಿಂಗಳು ಏನಾಯಿತು ಎಂಬುದು ಇಲ್ಲಿನ ಭಾರತೀಯರಿಗೆಲ್ಲ ನೆನಪಿದೆ. ಸರತಿ ಎಲ್ಲಿಗೆ ಬಂತೆಂದು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಜುಲೈಗೆ ಬಹುತೇಕ ಎಲ್ಲ ತಾರೀಕುಗಳೂ ‘ಕರೆಂಟ್’, ಅಂದರೆ ಕಾಯದೆ ಐ-485 ಹಾಕಬಹುದು, ಎಂದು ಪ್ರಕಟವಾಗಿತ್ತು. ಜನ ರಜೆ ಹಾಕಿ ವೈದ್ಯಕೀಯ ತಪಾಸಣೆಗೆ ಓಡಿದರು, ಊರಿಂದ ಜನನ ಪ್ರಮಾಣಪತ್ರ ತರಿಸಿದರು. ಜುಲೈ 2ರಂದು, ಅರ್ಜಿಗಳು ಆಗಲೇ ಅಂಚೆಯಲ್ಲಿರುವಾಗ, ಅದನ್ನು ಹಿಂತೆಗೆದುಕೊಂಡರು. ಜೂನ್ ಒಂದೇ ತಿಂಗಳಲ್ಲಿ 60,000ದಷ್ಟು ವೀಸಾ ಸಂಖ್ಯೆಗಳನ್ನು ಬಳಸಿಬಿಟ್ಟದ್ದು ಕಾರಣವೆಂದರು. ಆ ಅರವತ್ತು ಸಾವಿರದೊಳಗೆ ನಾನಿದ್ದೆ, ನನ್ನ ಹೆಂಡತಿಯಿದ್ದಳು. ‘ಲಗೇ ರಹೋ ಮುನ್ನಾಭಾಯಿ’ ಚಿತ್ರದಿಂದ ಸ್ಫೂರ್ತಿ ಪಡೆದ ಕೆಲವರು ಜುಲೈ 10ರಂದು ವಲಸೆ ಇಲಾಖೆಯ ನಿರ್ದೇಶಕ ಎಮಿಲಿಯೊ ಗೊನ್ಜಾಲೆಜ್ ಅವರಿಗೆ ರಾಶಿ ರಾಶಿ ಹೂಗುಚ್ಛ ಕಳಿಸಿದರು. ಅವರು ಆ ಹೂಗಳನ್ನು ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಗೆ ಕಳಿಸಿಕೊಟ್ಟರು. ಜುಲೈ 17ರಂದು ಇಲಾಖೆ ಮಾತು ಬದಲಿಸಿ ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಂಡಿತು. ನಾನೂ ಹೂವಿಗೆ ದುಡ್ಡು ಕೊಟ್ಟೆ. ‘ನಿಮ್ಮದು ಯಾವ ಡೇಟು?’ ಎಂದು ಯಾರಾದರೂ ಕೇಳಿದರೆ ‘ನಮ್ಮದು ಬಂತು’ ಎಂದಷ್ಟೇ ಹೇಳುತ್ತಿದ್ದೆ.

ಅದೇ ಜುಲೈ 16ರಿಂದ ಹೆಸರು ಬದಲಿಸುವ ಪದ್ಧತಿ ರದ್ದಾಯಿತು. ಮಂಜೂರಾದ ಲೇಬರ್‌ಗಳನ್ನು ದುಡ್ಡಿಗೆ ಮಾರುವ ದಂಧೆ ಬೆಳೆದಿತ್ತು, ಕಾರ್ಮಿಕ ಇಲಾಖೆ ಕೊಟ್ಟ ಕಾರಣ ಅದೇ. ನನ್ನ ವಿಷಯದಲ್ಲಿ ಒಂದು ಡಾಲರ್ ಕೂಡ ಕೈಬದಲಾಗಿಲ್ಲ. ಹಾಗಾಗಿ ನಾನು ಇಲ್ಲಿ ಕೆದಕುತ್ತಿರುವುದು ಆ ಕಾಗದವನ್ನಲ್ಲ. ಅದರ ಮೇಲೆ ನಾನು ನನ್ನ ಬಗ್ಗೆ ಏನೇನು ಕಟ್ಟಿಕೊಂಡೆ ಎಂಬುದನ್ನು.

ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಹೊಸದಾಗಿ ಬಂದ ಹುಡುಗರು ಸುತ್ತ ನಿಂತು ಕೇಳುತ್ತಾರೆ. ನಾನು ಹೇಳುತ್ತಿದ್ದ ಮಾತು ಹೆಚ್ಚುಕಮ್ಮಿ ಒಂದೇ. ಚೆನ್ನಾಗಿ ಓದಬೇಕು, ಒಳ್ಳೆಯ ಕೆಲಸ ಮಾಡಿ ತೋರಿಸಬೇಕು, ತಾಳ್ಮೆಯಿಂದ ಕಾಯಬೇಕು, ತಾನಾಗಿ ಬರುತ್ತದೆ. ಊರಿಗೆ ಹೋದಾಗ ಅಮ್ಮ ನೆಂಟರ ಮುಂದೆ ‘ನಮ್ಮ ಮಗ ಸ್ವಂತ ಶಕ್ತಿಯಿಂದ ಮೇಲೆ ಬಂದ’ ಎಂದರೆ ಸುಮ್ಮನೆ ತಲೆಬಗ್ಗಿಸುತ್ತಿದ್ದೆ. ಆ ತಲೆಬಗ್ಗಿಸುವಿಕೆ ವಿನಯವೆಂದು ಅವರು ತಿಳಿದರು, ನಾನೂ ಹಾಗೇ ತಿಳಿದೆ. ತಾಳ್ಮೆಯ ಪಾಠ ಹೇಳಿದ ನಾನು ಕಾದೇ ಇರಲಿಲ್ಲ. ನನ್ನ ಪಾಲಿನ ಕಾಯುವಿಕೆಯನ್ನು ಗುಂಟೂರಿನವರು ಕಾದು ಮುಗಿಸಿದ್ದರು.

ಕೈಯಲ್ಲಿಲ್ಲದ ಸಂಗತಿಯೊಂದು ಸರತಿಯನ್ನು ನಿರ್ಧರಿಸಿದ್ದು ನನ್ನೊಬ್ಬನ ವಿಷಯದಲ್ಲೇ ಅಲ್ಲ. ನಮ್ಮ ಗುಂಪಿನಲ್ಲೇ ಧಾರವಾಡದ ಒಬ್ಬರಿದ್ದಾರೆ. ಇಲ್ಲಿಗೆ ಬಂದದ್ದು 2000ದಲ್ಲಿ. ಕೆಲಸದಲ್ಲಿ ನನಗೆ ಎಷ್ಟೋ ಸಲ ದಾರಿ ತೋರಿಸಿದವರು. ಓದಿದ್ದು ಮೂರು ವರ್ಷದ ಬಿ.ಎಸ್ಸಿ., ಜೊತೆಗೆ ಕಂಪ್ಯೂಟರ್ ಡಿಪ್ಲೊಮಾ. ಇಲ್ಲಿನ ಪದವಿಗೆ ನಾಲ್ಕು ವರ್ಷ ಬೇಕು. ಸ್ನಾತಕೋತ್ತರ ಪದವಿ, ಇಲ್ಲವೇ ಪದವಿಯ ಮೇಲೆ ಐದು ವರ್ಷದ ಅನುಭವ ಬೇಡುವ ಹುದ್ದೆ ಇಬಿ-2. ಅಷ್ಟು ಬೇಡದ್ದು ಇಬಿ-3. ಅವರನ್ನು ಇಬಿ-3ರ ನಿಧಾನದ ಸಾಲಿನಲ್ಲಿ ಹಾಕಿದರು. ಲೇಬರ್ ಹಾಕಿದ್ದು 2004ರ ಕೊನೆಗೆ. ಅದೂ ಫಿಲಡೆಲ್ಫಿಯಾದಲ್ಲೇ ಸಿಕ್ಕಿಕೊಂಡು, ಬಿಡುಗಡೆಯಾಗುವ ಹೊತ್ತಿಗೆ 2007ರ ಆಗಸ್ಟ್ 17 ದಾಟಿಹೋಗಿತ್ತು. ಕಾರ್ಡು ಬಂದದ್ದು 2016ರಲ್ಲಿ. ಧಾರವಾಡದಲ್ಲಿ ಹುಟ್ಟಿ ಇಲ್ಲೇ ಶಾಲೆಗೆ ಹೋದ ಅವರ ಮಗನಿಗೆ ಹಿಂದಿನ ವರ್ಷವೇ 21 ತುಂಬಿತ್ತು. 21 ದಾಟಿದ ಮಗ ಕಾನೂನಿನ ಕಣ್ಣಿಗೆ ಮಗುವಲ್ಲ. ಅಪ್ಪನ ಅರ್ಜಿಯಿಂದ ಅವನು ಹೊರಬಿದ್ದ, ವಿದ್ಯಾರ್ಥಿ ವೀಸಾದಲ್ಲಿ ಓದು ಮುಂದುವರಿಸಬೇಕಾಯಿತು. ತಂದೆ-ತಾಯಿಗೆ ಕಾರ್ಡು ಬಂದ ದಿನ ಅವರ ಮನೆಗೆ ಹೋಗಿದ್ದೆ. ಅವರ ಮನೆಯಾಕೆ ಪೇಢೆ ಕೊಟ್ಟರು. ಮಗ ಮಹಡಿಯಿಂದ ಇಳಿದು ಬರಲಿಲ್ಲ.

ಇನ್ನೊಬ್ಬರು ಮಂಗಳೂರಿನವರು. ನಮ್ಮೆಲ್ಲರಿಗಿಂತ ತಡವಾಗಿ ಬಂದವರು, ಕಾರ್ಡು ಮಾತ್ರ ಬೇಗ ಸಿಕ್ಕಿತು. ಅವರ ಹೆಂಡತಿಯ ತಂದೆ ಕುವೈತಿನಲ್ಲಿ ಕೆಲಸದಲ್ಲಿದ್ದಾಗ ಆಕೆ ಹುಟ್ಟಿದ್ದು ಅಲ್ಲೇ. ಸಾಲು ನೋಡುವುದು ಹುಟ್ಟಿದ ದೇಶವನ್ನು, ಪೌರತ್ವವನ್ನಲ್ಲ. ಗಂಡ-ಹೆಂಡಿರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಲೆಕ್ಕಕ್ಕೆ ಸೇರಬಹುದು. ಅವರು ಕುವೈತಿನ ಲೆಕ್ಕಕ್ಕೆ ಸೇರಿದರು. ಅಲ್ಲಿ ಸಾಲೇ ಇರಲಿಲ್ಲ.

ಮೂವರೂ ಒಂದೇ ತರಹದ ಕೆಲಸ ಮಾಡುತ್ತಿದ್ದವರು. ಒಬ್ಬರಿಗೆ ಮಾವನ ಕುವೈತ್, ಒಬ್ಬರಿಗೆ ಧಾರವಾಡದ ಮೂರು ವರ್ಷದ ಪದವಿ, ನನಗೆ ಗುಂಟೂರಿನವರ ತಂದೆಯ ಅನಾರೋಗ್ಯ. ಪ್ರತಿಭೆಯೇ ಬೇಡವೆಂದು ನಾನು ಹೇಳುವುದಿಲ್ಲ. ಎಂ.ಟೆಕ್. ಇರದಿದ್ದರೆ ಆ ಕಾಗದಕ್ಕೆ ನನ್ನ ಹೆಸರು ಹೊಂದುತ್ತಿರಲಿಲ್ಲ. ರಾತ್ರಿಯೆಲ್ಲ ಕೂತು ಕೆಲಸ ಮಾಡಿದ್ದೂ ಸುಳ್ಳಲ್ಲ. ಆದರೆ ಅಷ್ಟೇ ಮಾಡಿದವರು, ಅದಕ್ಕಿಂತ ಹೆಚ್ಚು ಮಾಡಿದವರು ಇನ್ನೂ ಸಾಲಿನಲ್ಲಿದ್ದಾರೆ. ಅವರನ್ನು ನೋಡುವಾಗ ನನ್ನೊಳಗೆ ಸಣ್ಣದೊಂದು ಹಿರಿತನ ಇರುತ್ತಿತ್ತು. ಅವರು ಎಲ್ಲೋ ಏನೋ ಸರಿಯಾಗಿ ಮಾಡಲಿಲ್ಲ ಎಂಬಂಥ ಭಾವ. ನನ್ನ ಬಗ್ಗೆ ನನಗೇ ಹೆಚ್ಚು ನೋವು ಕೊಡುವುದು ಇದು. ಗುಂಟೂರಿನವರ ವಿಷಯ ಹೇಳದೇ ಇದ್ದದ್ದಕ್ಕೂ ಕಾರಣ ಇದೇ ಎಂದು ಈಗ ಅನ್ನಿಸುತ್ತದೆ. ಹೇಳಿದ್ದರೆ ಆ ಹಿರಿತನಕ್ಕೆ ಕಾಲೂರಲು ಜಾಗವಿರುತ್ತಿರಲಿಲ್ಲ.

ಈಗ ನಾನು ಒಂದು ತಂಡದ ಮ್ಯಾನೇಜರ್. ಬೇರೆ ಕಂಪನಿ. ನನ್ನ ತಂಡದಲ್ಲಿ ಶಿವಮೊಗ್ಗದ ಹುಡುಗಿಯೊಬ್ಬಳಿದ್ದಳು. ತಾತ್ಕಾಲಿಕ ಕೆಲಸದ ವೀಸಾ ಎಚ್-1ಬಿಯ ಆರು ವರ್ಷದಲ್ಲಿ ಐದನೆಯದು ಶುರುವಾಗುವುದರಲ್ಲಿತ್ತು. ಆರನೆಯ ವರ್ಷ ಮುಗಿಯಲು ಒಂದು ವರ್ಷವಾದರೂ ಇರುವಾಗ ಲೇಬರ್ ಅರ್ಜಿ ಬಿದ್ದಿದ್ದರೆ ವೀಸಾ ಮುಂದುವರಿಸಿಕೊಂಡು ಹೋಗಬಹುದು. ಕಂಪನಿ ತಡಮಾಡಿತ್ತು. ಕೊನೆಗೆ ಆಕೆಯ ಹುದ್ದೆಗೆ ಜಾಹೀರಾತು ಹಾಕಿದರು. ಲೇಬರ್ ಅರ್ಜಿಗೆ 2005ರಲ್ಲಿ ಬಂದ ಪರ್ಮ್ ಪದ್ಧತಿಯಲ್ಲಿ ಎರಡು ಭಾನುವಾರದ ಪತ್ರಿಕೆಗಳಲ್ಲಿ ಜಾಹೀರಾತು, ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನ ಪ್ರಕಟಣೆ, ಇನ್ನೂ ಮೂರು ಬಗೆಯ ಪ್ರಚಾರ ಆಗಬೇಕು. ಕಚೇರಿಯ ಗೋಡೆಗೆ ಹತ್ತು ಕೆಲಸದ ದಿನ ನೋಟಿಸು ಅಂಟಿಸಬೇಕು. ನಮ್ಮಲ್ಲಿ ಅದನ್ನು ಕಾಫಿ ಯಂತ್ರದ ಪಕ್ಕ ಅಂಟಿಸಿದ್ದರು. ಆಕೆಯ ಕೆಲಸದ ವಿವರ, ಸಂಬಳ, ಎಲ್ಲ. ಆಕೆ ಅಲ್ಲೇ ನಿಂತು ಕಾಫಿ ಹಿಡಿದುಕೊಂಡು ಹೋಗುತ್ತಿದ್ದಳು.

ಫೇಸ್‌ಬುಕ್ 2021ರಲ್ಲಿ, ಆ್ಯಪಲ್ 2023ರಲ್ಲಿ ಇಂಥ ನೇಮಕಾತಿಗಳಿಗೆ ಸಂಬಂಧಿಸಿ ನ್ಯಾಯ ಇಲಾಖೆಯೊಂದಿಗೆ ರಾಜಿ ಮಾಡಿಕೊಂಡವು. ಇಲ್ಲಿಯವರು ಅರ್ಜಿ ಹಾಕುವುದು ಕಷ್ಟವಾಗುವಂತೆ, ಅಂಚೆಯಲ್ಲೇ ಕಳಿಸಬೇಕೆಂಬಂತೆ ಜಾಹೀರಾತು ಕೊಡುತ್ತಾರೆ ಎಂಬುದು ದೂರು. ಫೇಸ್‌ಬುಕ್ ಕೊಡಲು ಒಪ್ಪಿಕೊಂಡದ್ದು 1.425 ಕೋಟಿ ಡಾಲರ್‌ವರೆಗೆ, ಆ್ಯಪಲ್ 2.5 ಕೋಟಿವರೆಗೆ. ಆಮೇಲೆ ಎಲ್ಲ ಕಡೆ ಎಚ್ಚರ ಬಂತು. ನಮ್ಮ ಜಾಹೀರಾತಿಗೂ ಅರ್ಜಿಗಳು ಬಂದವು. ಪ್ರತಿಯೊಂದನ್ನೂ ನೋಡಿ, ಹುದ್ದೆಗೆ ಯಾಕೆ ಹೊಂದುವುದಿಲ್ಲ ಎಂಬುದಕ್ಕೆ ಕಾನೂನು ಒಪ್ಪುವ ಕಾರಣ ಬರೆಯಬೇಕಾದವನು ಮ್ಯಾನೇಜರ್. ಹೊಂದುತ್ತಾರಾದರೆ ಹೊಂದುತ್ತಾರೆಂದು ಬರೆಯಬೇಕು. ಹಾಗೆ ಬರೆದರೆ ಲೇಬರ್ ನಿಲ್ಲುತ್ತದೆ. ಅರ್ಜಿ ಹಾಕಿದವರಿಗೆ ಆ ಕೆಲಸ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಕೆಲಸದಲ್ಲಿ ಆಗಲೇ ಒಬ್ಬರಿದ್ದಾರೆ, ಅವರನ್ನು ತೆಗೆದು ಇವರನ್ನು ಸೇರಿಸಿಕೊಳ್ಳಬೇಕೆಂದು ಕಾನೂನು ಹೇಳುವುದಿಲ್ಲ. ಒಬ್ಬರ ದಾರಿ ಮುಚ್ಚುತ್ತದೆ, ಇನ್ನೊಬ್ಬರಿಗೆ ದಾರಿ ತೆರೆಯುವುದಿಲ್ಲ. ಇಷ್ಟು ವರ್ಷ ಈ ವ್ಯವಸ್ಥೆಯ ಉಪ್ಪು ತಿಂದವನು ನಾನು, ಇದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ.

ಒಂದು ಅರ್ಜಿಯಲ್ಲಿ ತಡೆದು ನಿಂತೆ. ಅರವತ್ತರ ಆಸುಪಾಸಿನವರಿರಬೇಕು. ಮೊದಲ ಕೆಲಸ ಟೆಲಿಕಾಂನಲ್ಲಿ, ಇದೇ ನ್ಯೂಜೆರ್ಸಿಯಲ್ಲಿ. 2002ರ ಮುಂದೆ ಒಂದು ವರ್ಷಕ್ಕೂ ಮೀರಿದ ಖಾಲಿ ಜಾಗ. 2001, 2002ರಲ್ಲಿ ಇಲ್ಲಿ ಏನಾಯಿತೆಂದು ನನಗೆ ಗೊತ್ತು. ಲೂಸೆಂಟ್ ಒಂದೇ ಹತ್ತಾರು ಸಾವಿರ ಜನರನ್ನು ಮನೆಗೆ ಕಳಿಸಿತ್ತು. ನನ್ನ ಕಡತದ ಎ ಭಾಗ ಹುಟ್ಟಿದ್ದು ಆ ವರ್ಷವೇ, ಆ ರಾಜ್ಯದಲ್ಲೇ, ಅಂಥದೇ ಕೆಲಸಕ್ಕೆ. ಆ ವರ್ಷ ಭಾನುವಾರದ ಪತ್ರಿಕೆಯ ಉದ್ಯೋಗದ ಪುಟ ತೆಗೆದು ಕೂತವರು ಎಷ್ಟು ಜನ, ಅವರಲ್ಲಿ ಇವರೂ ಇದ್ದರೋ ಏನೋ. ನನಗೆ ತಿಳಿಯುವ ಮಾರ್ಗವಿಲ್ಲ. ಫೋನಿನಲ್ಲಿ ಸಂದರ್ಶನ ಮಾಡಿದೆ. ಕೇಳಿದ್ದಕ್ಕೆಲ್ಲ ನಿಧಾನವಾಗಿ, ಸರಿಯಾಗಿ ಉತ್ತರ ಕೊಟ್ಟರು. ತಂಡದಲ್ಲಿ ಎಷ್ಟು ಜನರಿದ್ದಾರೆ, ಯಾವ ವಾರದಿಂದ ಬರಬೇಕಾದೀತು ಎಂದೆಲ್ಲ ವಿಚಾರಿಸಿದರು. ಅವರು ಹೊಂದುತ್ತಾರೆ ಎಂದು ಬರೆದು ಕಳಿಸಿದೆ.

ಶಿವಮೊಗ್ಗದ ಹುಡುಗಿಗೆ ನಾನೇ ಹೇಳುವುದು ನ್ಯಾಯ ಅನ್ನಿಸಿತು. ಊಟದ ಹೊತ್ತಿನಲ್ಲಿ ಹೊರಗೆ ಕರೆದುಕೊಂಡು ಹೋಗಿ ಕನ್ನಡದಲ್ಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಿಮ್ಮ ಸಲ ಯಾರೂ ಹೀಗೆ ಬರೆದಿರಲಿಲ್ಲ ಅಲ್ವಾ?”

ಇಲ್ಲ ಎಂದೆ. ಗುಂಟೂರಿನವರ ವಿಷಯ ಹೊರಗಿನವರೊಬ್ಬರಿಗೆ ಮೊದಲ ಬಾರಿ ಹೇಳಿದ್ದು ಅವತ್ತು. ಪೂರ್ತಿ ಕೇಳಿಸಿಕೊಂಡು, “ನೀವು ಸುಳ್ಳು ಬರೀಬೇಕಿತ್ತು ಅಂತ ನಾನು ಹೇಳಲ್ಲ. ಆದರೆ ನನ್ನ ಫೈಲೇ ಯಾಕೆ?” ಎಂದಳು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸತ್ಯ ಬರೆದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಬರೀ ಸತ್ಯವೇ? ಒಳಗೆಲ್ಲೋ ಒಂದು ಹಗುರಾದ ಭಾವ ಇತ್ತು, ಬಹಳ ವರ್ಷದ ಒಂದು ಬಾಕಿ ಸಂದಾಯವಾದಂತೆ. ಆ ಬಾಕಿ ನನ್ನದು. ತೆತ್ತವಳು ಆಕೆ. ನನ್ನ ಮನಸ್ಸಿನ ನೆಮ್ಮದಿಗೆ ಇನ್ನೊಬ್ಬರ ವರ್ಷಗಳನ್ನು ಎರಡನೆಯ ಸಲ ಬಳಸಿಕೊಂಡೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಹೌದು ಎಂದೂ ಅಲ್ಲ ಎಂದೂ ಖಚಿತವಾಗಿ ಹೇಳಲಾರೆ. ಬೇರೆ ಯಾರದೇ ಕಡತವಾಗಿದ್ದರೂ ಅದನ್ನೇ ಬರೆಯುತ್ತಿದ್ದೆ ಎಂಬುದು ನನ್ನ ನಂಬಿಕೆ. ಆದರೆ ಎಂ.ಟೆಕ್.ಗೇ ಕಾರ್ಡು ಬಂತೆಂದು ಅಷ್ಟು ವರ್ಷ ನಂಬಿಕೊಂಡಿದ್ದವನೂ ನಾನೇ.

ಕಂಪನಿ ಆಕೆಯನ್ನು ಟೊರಾಂಟೊ ಕಚೇರಿಗೆ ವರ್ಗ ಮಾಡಿತು. ಮತ್ತೆ ಜಾಹೀರಾತು ಹಾಕುವಷ್ಟು ಸಮಯ ಆಕೆಯ ವೀಸಾದಲ್ಲಿ ಉಳಿದಿರಲಿಲ್ಲ. ಹೋಗುವ ಮುಂಚೆ ಮನೆಗೆ ಊಟಕ್ಕೆ ಬಂದಿದ್ದಳು. ನನ್ನ ಹೆಂಡತಿಯ ಜೊತೆ ತುಂಬ ಹೊತ್ತು ಮಾತಾಡಿದಳು, ನನ್ನ ಜೊತೆ ಸ್ವಲ್ಪ. ಈಗಲೂ ಕೆಲಸದ ವಿಷಯಕ್ಕೆ ಫೋನ್ ಮಾಡುತ್ತಾಳೆ.

ಅರ್ಜಿ ಹಾಕಿದ್ದ ಹಿರಿಯರ ಬಯೋಡೇಟಾವನ್ನು ಪಕ್ಕದ ತಂಡದ ಮ್ಯಾನೇಜರ್‌ಗೆ ಕೊಟ್ಟೆ. ಅಲ್ಲಿ ನಿಜವಾಗಿಯೂ ಒಂದು ಜಾಗ ಖಾಲಿಯಿತ್ತು. ಇದನ್ನು ಹೇಳಲು ಅವರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, ತಾವು ಸಂದರ್ಶನ ಕೊಟ್ಟ ಆ ಕೆಲಸ ಖಾಲಿ ಇತ್ತೇ ಎಂದು. ಇಂಥ ಪ್ರಶ್ನೆಗೆ ಏನೂ ಹೇಳಬಾರದೆಂದು ಕಂಪನಿಯ ಸೂಚನೆಯಿದೆ. ಇರಲಿಲ್ಲ ಎಂದು ಹೇಳಿದೆ. ಹಾಗೆಯೇ ಅಂದುಕೊಂಡಿದ್ದೆ, ಇದು ಮೊದಲ ಸಲವೇನಲ್ಲ ಎಂದರು. ಆಮೇಲೆ ಪಕ್ಕದ ತಂಡದ ಕೆಲಸದ ಬಗ್ಗೆ ಕೇಳಿದರು, ಸಂದರ್ಶನ ಯಾವಾಗ ಎಂದು ಬರೆದುಕೊಂಡರು.